ಮೂವತ್ತೆಂಟನೆಯ ಲೇಖನ

ಕಾಪು
12 ಜೂನ್ 2024

ಡಾ. ಕರುಣಾಕರ ಶೆಟ್ಟರಿಗೆ,

ಕಾಪುವಿನಿಂದ ಜಯಮಾಲಾ ಶೆಟ್ಟಿ ಬರೆಯುವುದು. ನಮಗೆ ಪರಿಚಯವಿಲ್ಲ. ಆದರೆ ನಿಮ್ಮ ಹೆಸರನ್ನು ನಾನು ಐವತ್ತೆಂಟು ವರ್ಷ ಬಾಯಿತುಂಬ ಕರೆದಿದ್ದೇನೆ. ನನ್ನ ತಮ್ಮನೂ ಕರುಣಾಕರ ಶೆಟ್ಟಿಯೇ. ಕಾರ್ಕಳದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು. ಮೂರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ.

ಈ ಡಿಸೆಂಬರಿನಲ್ಲಿ, ಅವನು ಹುಟ್ಟಿದ ದಿನ, ಆ ಕಾಲೇಜಿನ ಪ್ರಯೋಗಾಲಯಕ್ಕೆ ಅವನ ಹೆಸರಿಡಬೇಕೆಂದು ಹಳೆಯ ವಿದ್ಯಾರ್ಥಿಗಳು ಓಡಾಡುತ್ತಿದ್ದಾರೆ. ಪ್ರಾಂಶುಪಾಲರು ಅವನು ಬರೆದದ್ದೇನಾದರೂ ಇದ್ದರೆ ಕೊಡಿ ಎಂದರು. ಅವನು ಬರೆದದ್ದು ಒಂದೇ ಲೇಖನ. ಕಾಪುವಿನ ಕಡಲ ಬದಿಯ ಆರು ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪು ಹೇಗೆ ಏರುತ್ತದೆ ಎಂದು ಹನ್ನೊಂದು ವರ್ಷ ದಿನವೂ ಅಳೆದ ಲೆಕ್ಕ ಅದು. 2008ರಲ್ಲಿ ನೀರಿನ ವಿಷಯದ ಒಂದು ದೊಡ್ಡ ಪತ್ರಿಕೆಯಲ್ಲಿ ಬಂತು. ಆ ಪ್ರತಿಯನ್ನು ನಾನೇ ಒಯ್ದು ಕೊಟ್ಟೆ.

ಮೊನ್ನೆ ಪ್ರಾಂಶುಪಾಲರು ಕರೆಸಿ, ಚಹಾ ಕೊಟ್ಟು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ನಿಮ್ಮ ಫೋಟೋ, ಕೆಳಗೆ ನಿಮ್ಮ ಲೇಖನಗಳು. ಹಲ್ಲಿಗೆ ತುಂಬುವ ಸಿಮೆಂಟು, ತೊದಲುವ ಮಕ್ಕಳು, ದನದ ಕೆಚ್ಚಲು ಬಾವು, ಹೆದ್ದಾರಿಯ ಅಪಘಾತ, ಗೇರುಬೀಜದ ಕಾರ್ಖಾನೆಯ ಹೆಂಗಸರ ಬೆನ್ನುನೋವು. ಒಟ್ಟು ಮೂವತ್ತೆಂಟು. ಅದರ ನಡುವೆ ನಮ್ಮ ಬಾವಿಗಳು. ಪತ್ರಿಕೆಯಲ್ಲಿ ತಮ್ಮನ ಹೆಸರಿನ ಕೆಳಗೆ ಬರೀ ಉಡುಪಿ ಜಿಲ್ಲೆ ಎಂದು ಉಂಟು, ಕಾಲೇಜಿನ ಹೆಸರಿಲ್ಲ. ಅದು ಕಾಲೇಜಿನ ಕೆಲಸವಲ್ಲ ಎಂದು ಅವನು ಹಾಕಿರಲಿಲ್ಲ. ಪ್ರಾಂಶುಪಾಲರು ಮೆತ್ತಗೆ, "ಇದು ಮಣಿಪಾಲದ ಡಾಕ್ಟ್ರದ್ದು ಅಲ್ವಾ ಅಮ್ಮ? ನಿಮ್ಮ ತಮ್ಮ ಏನಾದರೂ ಸಹಾಯ ಮಾಡಿರಬಹುದು" ಎಂದರು.

ಅಂದರೆ ನನ್ನ ತಮ್ಮ ಇನ್ನೊಬ್ಬರದ್ದನ್ನು ತನ್ನದೆಂದು ಹೇಳಿಕೊಂಡು ತಿರುಗಿದ ಎಂದಾಯಿತು. ಮೈಯೆಲ್ಲ ಉರಿಯಿತು ನನಗೆ. ಸತ್ತವನು ಎದ್ದು ಬಂದು ಹೇಳುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಆ ಲೇಖನ ನಿಮ್ಮದೇ? ನಿಮ್ಮದಲ್ಲವಾದರೆ ನಿಮ್ಮ ಪಟ್ಟಿಯಲ್ಲಿ ಏಕೆ ಉಂಟು? ಇಮೇಲ್ ನನಗೆ ಗೊತ್ತಿಲ್ಲ. ಅಂಚೆಯಲ್ಲಿ ಉತ್ತರ ಕೊಡಿ.

ಜಯಮಾಲಾ ಶೆಟ್ಟಿ
ನಿವೃತ್ತ ಅಂಗನವಾಡಿ ಕಾರ್ಯಕರ್ತೆ


ಪರ್ಕಳ
3 ಜುಲೈ 2024

ಮಾನ್ಯರೇ,

ನಿಮ್ಮ ಪತ್ರ ಕಾಲೇಜಿನ ವಿಳಾಸಕ್ಕೆ ಬಂದಿತ್ತು. ಮನೆಯಿಂದ ಉತ್ತರಿಸುತ್ತಿದ್ದೇನೆ.

ನಾನು ಸಂಖ್ಯಾಶಾಸ್ತ್ರದವನು. ದಂತ ವಿಭಾಗದವರು, ವಾಕ್‌ ಚಿಕಿತ್ಸೆಯವರು, ಪಶುವೈದ್ಯರು ಎಲ್ಲರೂ ತಮ್ಮ ಅಂಕಿಗಳನ್ನು ನನ್ನ ಹತ್ತಿರ ತರುತ್ತಾರೆ. ನಾನು ವಿಶ್ಲೇಷಿಸಿ ಕೊಡುತ್ತೇನೆ, ಲೇಖಕರ ಸಾಲಿನಲ್ಲಿ ನನ್ನ ಹೆಸರೂ ಸೇರುತ್ತದೆ. ವಿಷಯಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕಾಣುವುದು ಅದಕ್ಕೆ. ಅವುಗಳಲ್ಲಿ ಮೂವತ್ತೇಳು ನನ್ನವೇ.

ನೀವು ಹೇಳಿದ ಲೇಖನ ನನ್ನದಲ್ಲ. ಅಂತರಜಾಲದಲ್ಲಿ ಇಂಥ ಪಟ್ಟಿಗಳನ್ನು ಹೆಸರು ನೋಡಿ ಯಂತ್ರವೇ ಕೂಡಿಸುತ್ತದೆ. ಕರುಣಾಕರ ಶೆಟ್ಟಿ ಎಂಬ ಹೆಸರಿನವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದಾರೆ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಇದನ್ನು ಸರಿಪಡಿಸಲು ಒಂದು ಕ್ರಮವಿದೆ, ಸಮಯ ಹಿಡಿಯುತ್ತದೆ. ನಿಮ್ಮ ಸಹೋದರರೇ ಇದನ್ನು ಬರೆದರು ಎನ್ನುವುದಕ್ಕೆ ಆಧಾರವೇನಾದರೂ ಇದ್ದರೆ, ಉದಾಹರಣೆಗೆ ಅಳತೆಯ ಮೂಲ ಪುಸ್ತಕಗಳು, ಅನುಕೂಲವಾಗುತ್ತದೆ. ತಮಗೆ ನೋವಾಗಿದ್ದರೆ ವಿಷಾದವಿದೆ.

ವಿಶ್ವಾಸಿ,
ಕರುಣಾಕರ ಶೆಟ್ಟಿ


ಕಾಪು
15 ಜುಲೈ 2024

ಡಾಕ್ಟ್ರೇ,

ಯಂತ್ರ ಕೂಡಿಸಿತು, ಸರಿ. ಕೂಡಿಸಿದ್ದನ್ನು ಇಟ್ಟುಕೊಂಡದ್ದು ಯಾರು?

ನಮ್ಮ ಪಕ್ಕದ ಮನೆಯ ಬೆಂಜಮಿನ್ ಬಹರೇನಿನಲ್ಲಿದ್ದು ಬಂದವರು, ಇಡೀ ದಿನ ಟ್ಯಾಬ್ ಹಿಡಿದು ಕೂರುತ್ತಾರೆ. ನಿಮ್ಮ ಪತ್ರ ಓದಿ, ತಾಳಿ ಜಯಮಾಲಾ ಬಾಯಿ ಎಂದು ಹುಡುಕಿದರು. ನಿಮ್ಮ ಕಾಲೇಜಿನ ಪುಟವೇ ಸಿಕ್ಕಿತು. 2022ರಲ್ಲಿ ನೀವು ಪ್ರೊಫೆಸರ್ ಆದದ್ದು, ಹಾರ ಹಾಕಿಸಿಕೊಂಡ ಫೋಟೋ, ಕೆಳಗೆ ನಿಮ್ಮ ಹೆಚ್ಚುಗಾರಿಕೆ. ಅತಿ ಹೆಚ್ಚು ಜನ ಉಲ್ಲೇಖಿಸಿದ ಲೇಖನ ಎಂದು ಯಾವುದನ್ನು ಬರೆಸಿದ್ದೀರಿ? ಅದನ್ನು ಯಂತ್ರ ಬರೆಯಿತೋ, ನೀವು ಬರೆದು ಕೊಟ್ಟದ್ದೋ? ನಮ್ಮ ಕಣ್ಣಿಗೆ ಮಣ್ಣೆರಚುವುದು ಬೇಡ.

ಆಧಾರ ಕೇಳಿದ್ದೀರಲ್ಲ, 1999ನೆಯ ವರ್ಷದ್ದೊಂದು ಪುಸ್ತಕದ ಜೆರಾಕ್ಸ್ ಇದರೊಂದಿಗೆ ಉಂಟು. ನಿಮ್ಮ ಲೇಖನದ ಅಂಕಿಗೆ ಹೊಂದಿಸಿ ನೋಡಿ. ನಿಮ್ಮ ಲೇಖನ ಎಂದು ಕೈತಪ್ಪಿ ಬರೆದೆ ನೋಡಿ, ನನಗೂ ಅಭ್ಯಾಸವಾಗತೊಡಗಿದೆ.

ನಿಮ್ಮ ವಿಷಾದ ನನಗೆ ಬೇಡ. ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಿರಿ. ಅದು ಕಾರ್ಕಳದ ಕರುಣಾಕರ ಶೆಟ್ಟಿಯದ್ದು, ನನ್ನದಲ್ಲ ಎಂದು. ಅಷ್ಟೇ.

ಜಯಮಾಲಾ


ಪರ್ಕಳ
18 ಆಗಸ್ಟ್ 2024

ಜಯಮಾಲಾ ಅವರಿಗೆ,

ಒಂದು ತಿಂಗಳು ಉತ್ತರ ಕೊಡಲಿಲ್ಲ. ಪತ್ರ ಬರೆದು ಹರಿಯುತ್ತಿದ್ದೆ.

ನೀವು ಕೇಳಿದ್ದು ಸರಿ. ನಾನೇ ಬರೆದು ಕೊಟ್ಟದ್ದು. ಆ ಲೇಖನ ನನ್ನ ಪಟ್ಟಿಯಲ್ಲಿ ಮೊದಲು ಕಂಡಾಗ ನಕ್ಕಿದ್ದೆ, ಹೆಂಡತಿಗೂ ತೋರಿಸಿದ್ದೆ. ತೆಗೆಯಬೇಕು ಅಂದುಕೊಂಡು ನಾಳೆ ನಾಳೆ ಎಂದೆ. ಮರುವರ್ಷ ನೋಡಿದರೆ ಅದನ್ನು ಜಗತ್ತಿನ ಎಲ್ಲೆಲ್ಲಿಯವರೋ ಉಲ್ಲೇಖಿಸುತ್ತಿದ್ದರು. ನನ್ನ ಉಳಿದ ಮೂವತ್ತೇಳನ್ನೂ ಸೇರಿಸಿದರೆ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ಬಡ್ತಿಯ ಅರ್ಜಿ ತುಂಬುವ ದಿನ ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಯಾರೂ ಕೇಳಲಿಲ್ಲ. ಇಷ್ಟೊಂದು ಬೇರೆ ಬೇರೆ ವಿಷಯ ಇರುವಾಗ ಬಾವಿಯೊಂದು ಹೆಚ್ಚಾಗಿ ಯಾರಿಗೂ ಕಾಣಲಿಲ್ಲ.

ಸಮರ್ಥನೆ ಮಾಡುತ್ತಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಹತ್ತೊಂಬತ್ತು ವರ್ಷದಿಂದ ನಾನು ಇನ್ನೊಬ್ಬರ ಹಲ್ಲು, ಇನ್ನೊಬ್ಬರ ದನ, ಇನ್ನೊಬ್ಬರ ಮಕ್ಕಳ ಲೆಕ್ಕ ಮಾಡುತ್ತಿದ್ದೇನೆ. ಎಲ್ಲದರಲ್ಲೂ ನನ್ನ ಹೆಸರು ಕೊನೆಯಿಂದ ಎರಡನೆಯದು. ನನ್ನದು ಎನ್ನುವಂಥ ಒಂದು ಪ್ರಶ್ನೆಯೂ ನನ್ನಲ್ಲಿಲ್ಲ. ಆ ಬಾವಿಗಳ ಲೇಖನ ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು. ಅದು ನನ್ನ ಹೆಸರಿನಲ್ಲೇ ಇತ್ತು.

ಪ್ರಾಂಶುಪಾಲರಿಗೆ ನಿನ್ನೆ ರಿಜಿಸ್ಟರ್ಡ್ ಪತ್ರ ಹಾಕಿದ್ದೇನೆ. ಪಟ್ಟಿಯಿಂದ ತೆಗೆದದ್ದೂ ಆಯಿತು. ಲೇಖನ ಅಚ್ಚಾದ ಪತ್ರಿಕೆಗೂ ಬರೆದು, ಲೇಖಕರು ಯಾರು ಎಂದು ಊರು ಸಮೇತ ಒಂದು ತಿದ್ದುಪಡಿ ಹಾಕಿಸೋಣ. ಅವರು ಮೂಲ ಪುಸ್ತಕಗಳನ್ನು ಪರಿಶೀಲಿಸಿದ್ದೀರಾ ಎಂದು ಕೇಳುತ್ತಾರೆ. ನನ್ನ ಮೇಲೆ ನಂಬಿಕೆ ಇಡಲು ಕಾರಣವಿಲ್ಲ, ಆದರೂ ಹನ್ನೊಂದೂ ಪುಸ್ತಕಗಳನ್ನು ಒಮ್ಮೆ ಕೊಡುತ್ತೀರಾ?

ಕರುಣಾಕರ


ಕಾಪು
30 ಆಗಸ್ಟ್ 2024

ಡಾಕ್ಟ್ರಿಗೆ,

ಪ್ರಾಂಶುಪಾಲರು ಫೋನು ಮಾಡಿ ಕ್ಷಮೆ ಕೇಳಿದರು. ಕುಶಲಾ, ನನ್ನ ತಮ್ಮನ ಹೆಂಡತಿ, ಕಾರ್ಕಳದಿಂದ ಫೋನು ಮಾಡಿ ಅತ್ತಳು. ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಅರ್ಧ ಹೋಗಿದೆ. ಒಪ್ಪಿಕೊಳ್ಳುವ ಗಂಡಸರನ್ನು ನಾನು ಹೆಚ್ಚು ನೋಡಿಲ್ಲ.

ಬೆಂಜಮಿನ್ ಕಣ್ಣು ತೋರಿಸಲು ಮಣಿಪಾಲಕ್ಕೆ ಬರುವವರಿದ್ದರು, ಪುಸ್ತಕಗಳನ್ನು ಅವರ ಕೈಯಲ್ಲಿ ಕಳಿಸಿದ್ದೇನೆ. ಅವು ಅಂಗನವಾಡಿಯ ಹಾಜರಿ ಪುಸ್ತಕಗಳು ಎಂದು ನಗಬೇಡಿ. ಉಳಿದವು ಇದ್ದವು, ಅದರಲ್ಲೇ ಬರೆದದ್ದು. ಮಕ್ಕಳ ಹೆಸರಿನ ಜಾಗದಲ್ಲಿ ಬಾವಿಗಳ ಹೆಸರು, ತಾರೀಕಿನ ಕೆಳಗೆ ಉಪ್ಪು. ಫೆಬ್ರವರಿಯಿಂದ ಮೇ ಕೊನೆಯವರೆಗೆ ದಿನವೂ ಬೆಳಿಗ್ಗೆ ಆರು ಬಾಟ್ಲಿ ನೀರು ತರುವುದು, ಸಂಜೆ ಹಿತ್ತಲ ಜಗಲಿಯಲ್ಲಿ ಕುಳಿತು ಅದಕ್ಕೆ ಹಳದಿ ಬಣ್ಣದ ಮದ್ದು ಬೆರೆಸಿ, ಗಾಜಿನ ಕೊಳವೆಯಿಂದ ಹನಿ ಹನಿ ಸಿಲ್ವರ್ ನೈಟ್ರೇಟ್ ಬಿಡುವುದು. ಹಳದಿ ನೀರು ಇಟ್ಟಿಗೆ ಕೆಂಪಾದ ಹನಿಗೆ ನಿಲ್ಲಿಸಿ ಬರೆಯಬೇಕು. ಕೈಗೆ ತಾಗಿದರೆ ಬೆರಳು ಕಪ್ಪಾಗುತ್ತದೆ, ಹದಿನೈದು ದಿನ ಹೋಗುವುದಿಲ್ಲ.

ಎಲ್ಲ ತಮ್ಮನೇ ಮಾಡಿದ್ದು. ನಾನು ಪುಸ್ತಕ ತೆಗೆದಿಟ್ಟವಳು ಮಾತ್ರ. ಜೋಪಾನವಾಗಿ ನೋಡಿ ಹಿಂದೆ ಕಳಿಸಿ.

ಜಯಮಾಲಾ


ಪರ್ಕಳ
22 ಸೆಪ್ಟೆಂಬರ್ 2024

ಜಯಮಾಲಕ್ಕನವರಿಗೆ,

ಅಕ್ಕ ಎಂದು ಬರೆದದ್ದಕ್ಕೆ ಬೇಸರಿಸಬೇಡಿ. ಈ ಪತ್ರವನ್ನು ಹೇಗೆ ಬರೆಯುವುದೆಂದು ನನಗೆ ತಿಳಿಯುತ್ತಿಲ್ಲ.

ಪುಸ್ತಕಗಳ ಅಂಕಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ಲೇಖನದೊಂದಿಗೆ ಒಂದಂಕಿಯೂ ತಪ್ಪದೆ ಹೊಂದುತ್ತದೆ. ನನ್ನನ್ನು ಕಾಡಿದ್ದು ಅಂಕಿ ಇಲ್ಲದ ಜಾಗಗಳು. ಪ್ರತಿ ತಿಂಗಳೂ ಮೂರು ದಿನ ಐದು ಬಾವಿಗಳ ಸಾಲು ಖಾಲಿ. ಲೇಖನದಲ್ಲಿ "ಮಾದರಿ ಲಭ್ಯವಿಲ್ಲ" ಎಂದಷ್ಟೇ ಇದೆ. ಲೇಖನವನ್ನು ಉಲ್ಲೇಖಿಸಿದ ಹಾಲೆಂಡಿನವರೊಬ್ಬರು ಇದನ್ನು ಹೊಗಳಿದ್ದಾರೆ, ಹುಣ್ಣಿಮೆಯ ಉಬ್ಬರ ನೋಡಿ ಆ ದಿನಗಳನ್ನು ಬೇಕೆಂದೇ ಬಿಟ್ಟಿದ್ದಾರೆ ಎಂದು. ನಾನೂ ಹಾಗೇ ಅಂದುಕೊಂಡು ಪಂಚಾಂಗ ಹಿಡಿದು ಕುಳಿತೆ. ಹೊಂದಲಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಇವು ಇಪ್ಪತ್ತಾರು, ಇಪ್ಪತ್ತೇಳು ದಿನಕ್ಕೊಮ್ಮೆ ಬರುತ್ತವೆ. ನಾಲ್ಕನೆಯ ಬಾವಿ, ಬೆಂಜಮಿನ್ ಅವರದ್ದು, ಒಂದು ದಿನವೂ ಖಾಲಿ ಇಲ್ಲ. 2003ರಲ್ಲಿ ಐದು ವಾರ ಬೆಂಜಮಿನ್ ಅವರ ಬಾವಿಯೂ ಸೇರಿ ಎಲ್ಲ ಖಾಲಿ. ಅದಾದ ಮೇಲೆ ಕೊನೆಯವರೆಗೆ ಯಾವ ಬಾವಿಯೂ ಒಂದು ದಿನವೂ ತಪ್ಪಿಲ್ಲ.

ಹತ್ತು ದಿನ ಇದರ ಹಿಂದೆ ಬಿದ್ದೆ. ನನ್ನ ಹೆಂಡತಿ ವಿಜೇತಾ ಬಡ್ತಿಯ ವಿಷಯ ತಿಳಿದಂದಿನಿಂದ ನನ್ನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಮೊನ್ನೆ ಒಣಗಿದ ಬಟ್ಟೆ ಮಡಚುತ್ತಾ ಪರದೆಯ ಕಡೆ ನೋಡಿದಳು. ಒಂದು ನಿಮಿಷವೂ ಆಗಿರಲಿಲ್ಲ. "ಇದು ಹೆಂಗಸು ಸೇದಿದ ನೀರು ಮಾರಾಯ್ರೆ. ಆ ಮೂರು ದಿನ ಅವಳಿಗೆ ಬಾವಿ ಮುಟ್ಟಲಿಕ್ಕಿಲ್ಲ" ಎಂದಳು.

ಪುಸ್ತಕದ ಅಕ್ಷರವನ್ನು ನಿಮ್ಮ ಪತ್ರಗಳ ಪಕ್ಕ ಇಟ್ಟು ನೋಡಿದೆ. ಹನ್ನೊಂದು ಪುಸ್ತಕದಲ್ಲೂ ನಿಮ್ಮ ಅಕ್ಷರವೇ, ಬೇರೆ ಕೈ ಎಲ್ಲಿಯೂ ಇಲ್ಲ. ಅವರು ವಾರದ ದಿನಗಳಲ್ಲಿ ಕಾರ್ಕಳದಲ್ಲಿ ಪಾಠ ಮಾಡುತ್ತಿದ್ದರಲ್ಲ.

ಅಕ್ಕ, ಆ ಅಳತೆ ನಿಮ್ಮದಲ್ಲವೇ?

ಕರುಣಾಕರ


ಪರ್ಕಳ
20 ಅಕ್ಟೋಬರ್ 2024

ಜಯಮಾಲಕ್ಕನವರಿಗೆ,

ನಿಮ್ಮಿಂದ ಉತ್ತರವಿಲ್ಲ. ಕೇಳಬಾರದ್ದನ್ನು ಕೇಳಿದೆ ಎಂದು ಕಾಣುತ್ತದೆ. ಕ್ಷಮಿಸಿ. ಬೆಂಜಮಿನ್ ಅವರು ಬಂದಿದ್ದರು, ಪುಸ್ತಕಗಳನ್ನು ಅವರಿಗೆ ಒಪ್ಪಿಸಿದ್ದೇನೆ. ನೀವು ಆರೋಗ್ಯವಾಗಿದ್ದೀರಿ, ಆದರೆ ಯಾರೊಂದಿಗೂ ಮಾತಿಲ್ಲ ಎಂದರು.

ನನ್ನ ವಿಷಯ ಕಾಲೇಜಿಗೆ ನಾನೇ ಬರೆದು ಕೊಟ್ಟಿದ್ದೇನೆ. ಸಮಿತಿ ಕೂರುತ್ತದೆ. ಪತ್ರಿಕೆಯವರು ತಿದ್ದುಪಡಿಗೆ ಒಪ್ಪಿದ್ದಾರೆ. ನೀವು ಬೇಡ ಎಂದರೆ ತಮ್ಮನ ಹೆಸರೊಂದೇ ಇರಲಿ, ನಾನು ಇನ್ನೇನನ್ನೂ ಎತ್ತುವುದಿಲ್ಲ.

ಕರುಣಾಕರ


ಕಾಪು
3 ನವೆಂಬರ್ 2024

ಕರುಣಾಕರ,

ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ಆ ಹೆಸರಿಗೆ ಬಹುವಚನ ಹಚ್ಚಿ ಹಚ್ಚಿ ನನಗೆ ಸಾಕಾಯಿತು.

ನಿನ್ನ ಪತ್ರ ಓದಿ ನಾಚಿಕೆಯಿಂದ ಸತ್ತೆ. ಅರವತ್ತನಾಲ್ಕು ವರ್ಷದ ಹೆಂಗಸಿನ ಇಪ್ಪತ್ತೈದು ವರ್ಷದ ಹಿಂದಿನ ಮುಟ್ಟಿನ ಲೆಕ್ಕ ಪರ್ಕಳದಲ್ಲಿ ಕುಳಿತು ಯಾರೋ ಒಬ್ಬ ಹೇಳುತ್ತಾನೆ. ಪತ್ರವನ್ನು ಒಲೆಗೆ ಹಾಕಲು ಹೋದೆ. ಹಾಕಲಿಲ್ಲ. ನಾಚಿಕೆ ಹೋದ ಮೇಲೆ ಅಳು ಬಂತು. ಯಾರಾದರೂ ಒಬ್ಬರು ಕೇಳಲಿ ಎಂದು ಇಷ್ಟು ವರ್ಷ ಕಾದಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಹೌದು, ನೀರು ಸೇದಿದ್ದು ನಾನು, ಅಳೆದದ್ದು ನಾನು. ಆ ಪ್ರಶ್ನೆ ಹುಟ್ಟಿದ್ದೂ ನನ್ನಿಂದ. ಅಂಗನವಾಡಿಯಲ್ಲಿ ಏಪ್ರಿಲ್ ಬಂದರೆ ಕೆಲವು ಮಕ್ಕಳು ನೀರು ಉಗುಳುತ್ತಿದ್ದವು, ಕೆಲವು ಕುಡಿಯುತ್ತಿದ್ದವು. ಯಾಕೆ ಎಂದು ತಮ್ಮನನ್ನು ಕೇಳಿದೆ. ಅವನು ಗಾಜಿನ ಸಾಮಾನು ತಂದು ಕಲಿಸಿದ. ಬುದ್ಧಿ ಅವನದ್ದು, ಅದರಲ್ಲಿ ಸುಳ್ಳಿಲ್ಲ. ಲೇಖನದ ಇಂಗ್ಲಿಷು ಅವನದ್ದು.

ಆ ಮೂರು ದಿನ ನಮ್ಮ ಕಡೆ ಬಾವಿಕಟ್ಟೆ ಹತ್ತುವಂತಿರಲಿಲ್ಲ. ಅಂಗನವಾಡಿಗೆ ಹೋಗುತ್ತಿದ್ದೆ, ಮಕ್ಕಳಿಗೆ ಉಣ್ಣಿಸುತ್ತಿದ್ದೆ. ಸೇದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಐದೂ ಮನೆಯವರು ನನ್ನನ್ನು ನಂಬಿ ಹಗ್ಗ ಕೊಟ್ಟವರು, ಅವರ ಹಿತ್ತಲಲ್ಲಿ ನಾಗನ ಕಲ್ಲು ಉಂಟು. ನನಗೆ ಹೆದರಿಕೆಯೂ ಇತ್ತು. ಬೆಂಜಮಿನ್ ಅವರ ಅಮ್ಮನಿಗೆ ಮಾತ್ರ ಹೇಳಿಬಿಟ್ಟಿದ್ದೆ. ನಮ್ಮಲ್ಲಿ ಅದೆಲ್ಲ ಇಲ್ಲ ಮಗಾ, ಸೇದು ಎಂದಿದ್ದರು. 2003ರಲ್ಲಿ ಗರ್ಭಕೋಶ ತೆಗೆದರು. ಐದು ವಾರ ಮಲಗಿದೆ, ಆಮೇಲೆ ತಪ್ಪಿಸಲು ಕಾರಣ ಉಳಿಯಲಿಲ್ಲ.

ಇನ್ನು ನೀನು ಕೇಳದೆ ಬಿಟ್ಟದ್ದನ್ನು ಹೇಳುತ್ತೇನೆ. 2007ರ ರಜೆಯಲ್ಲಿ ತಮ್ಮ ಇಲ್ಲಿ ಕುಳಿತು ಲೇಖನ ಬರೆದ. ಮೊದಲು ಇಬ್ಬರ ಹೆಸರೂ ಹಾಕಿದ್ದ. ನನಗೆ ತೋರಿಸಿದ, ಖುಷಿಯಲ್ಲಿ ಎಂಟು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಮೇಲೆ ಈ ಖಾಲಿ ಜಾಗಗಳಿಗೆ ಬಂದ. ಹಿಂದಿನ ದಿನದ್ದನ್ನೂ ಮುಂದಿನ ದಿನದ್ದನ್ನೂ ಕೂಡಿಸಿ ಅರ್ಧ ಮಾಡಿ ತುಂಬಿಸೋಣ ಅಕ್ಕ, ಎಲ್ಲರೂ ಮಾಡುತ್ತಾರೆ ಎಂದ. ನಾನು ಒಪ್ಪಲಿಲ್ಲ. ನಾನು ಸೇದದ ನೀರಿನ ಉಪ್ಪು ನನಗೆ ಹೇಗೆ ಗೊತ್ತು? ಹಾಗಾದರೆ ಕಾರಣ ಕೇಳುತ್ತಾರೆ ಎಂದ. ಅವನ ಮುಖ ಕೆಂಪಾಗಿತ್ತು, ನನ್ನ ಮುಖ ನೋಡುತ್ತಿರಲಿಲ್ಲ. "ನಿನ್ನ ಹೆಸರು ಇದ್ದರೆ ಕಾರಣ ಎಲ್ಲರಿಗೂ ಗೊತ್ತಾಗ್ತದೆ ಅಕ್ಕ. ನನ್ನ ಹೆಸರು ಮಾತ್ರ ಇದ್ದರೆ ಯಾರೂ ಕೇಳುವುದಿಲ್ಲ. ತುಂಬಿಸುವುದೋ, ಹೆಸರು ಬಿಡುವುದೋ, ನೀನೇ ಹೇಳು" ಎಂದ.

ಹೆಸರು ಬಿಡು ಎಂದೆ. ನಾನೇ ಹೇಳಿದ್ದು. ಅವನು ಕದಿಯಲಿಲ್ಲ. ಆದರೆ ಇನ್ನೊಮ್ಮೆ ಕೇಳುತ್ತಾನೆ ಎಂದುಕೊಂಡಿದ್ದೆ. ಕೇಳಲಿಲ್ಲ, ಅಳಿಸಿಬಿಟ್ಟ. ಪತ್ರಿಕೆ ಬಂದ ದಿನ ಸಿಹಿ ತಂದ. ನಾನು ತಿಂದೆ. ಅವನು ಸಾಯುವವರೆಗೆ ಹದಿಮೂರು ವರ್ಷ ಈ ವಿಷಯ ನಾವಿಬ್ಬರೂ ಎತ್ತಲಿಲ್ಲ. ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಮೊದಲಿನಂತೆ ಇರಲಿಲ್ಲ.

ನೀನು ಅವನ ಹೆಸರು ಕದ್ದೆ ಎಂದು ನಿನ್ನ ಮೇಲೆ ಅಷ್ಟು ಹಾರಾಡಿದೆನಲ್ಲ, ಆ ಸಿಟ್ಟು ಎಲ್ಲ ನಿನ್ನ ಮೇಲಿನದ್ದಲ್ಲ. ತಿದ್ದುಪಡಿಯಲ್ಲಿ ಎರಡು ಹೆಸರು ಹಾಕಿಸು. ಖಾಲಿ ಜಾಗಕ್ಕೆ ಕಾರಣವನ್ನೂ ಬರೆಸು. ಅಳೆದವಳು ಮುಟ್ಟಿನ ದಿನಗಳಲ್ಲಿ ಬಾವಿ ಮುಟ್ಟುವಂತಿರಲಿಲ್ಲ ಎಂದು ಸೀದಾ ಬರೆಸು. ಹಾಲೆಂಡಿನವರು ಓದಲಿ.

ಜಯಮಾಲಾ


ಪರ್ಕಳ
14 ನವೆಂಬರ್ 2024

ಜಯಮಾಲಕ್ಕಾ,

ನಿಮ್ಮ ಪತ್ರವನ್ನು ವಿಜೇತಾ ನನಗಿಂತ ಮೊದಲು ಓದಿದಳು. ಸಂಜೆ ನನಗೆ ಚಹಾ ಮಾಡಿ ಕೊಟ್ಟಳು, ಎರಡು ತಿಂಗಳ ಮೇಲೆ.

ಪತ್ರಿಕೆಯವರ ಫಾರಂ ಇದರೊಂದಿಗಿದೆ. ಇಬ್ಬರು ಲೇಖಕರಲ್ಲಿ ಯಾರು ಏನು ಮಾಡಿದರು ಎಂದು ನೀವು ಹೇಳಿದಂತೆಯೇ ತುಂಬಿದ್ದೇನೆ. ನೀವು ಸಹಿ ಮಾಡಬೇಕು. ಪುಸ್ತಕಗಳನ್ನು ಪರಿಶೀಲಿಸಿದವನಾಗಿ ನಾನು ಮಾಡಿದ್ದೇನೆ. ಒಂದು ತೊಡಕಿದೆ. ಕಾಲವಾದ ಲೇಖಕರ ಪರವಾಗಿ ಅವರ ಹೆಂಡತಿ ಒಪ್ಪಿ ಸಹಿ ಹಾಕಬೇಕಂತೆ. ಕುಶಲಾ ಅವರು ಒಪ್ಪದಿದ್ದರೆ ತಿದ್ದುಪಡಿಯೇ ಇಲ್ಲ.

ನನ್ನ ಸಮಿತಿ ಮುಗಿಯಿತು. ಪ್ರೊಫೆಸರ್ ಹುದ್ದೆ ಹೋಯಿತು, ಕೆಲಸ ಉಳಿಯಿತು. ವಿಭಾಗದಲ್ಲಿ ಯಾರೂ ನನ್ನ ಹತ್ತಿರ ಅಂಕಿ ತರುತ್ತಿಲ್ಲ. ದಿನ ಬಹಳ ಉದ್ದವಾಗಿದೆ.

ಕರುಣಾಕರ


ಕಾಪು
10 ಡಿಸೆಂಬರ್ 2024

ಕರುಣಾಕರ,

ಫಾರಂ ಇದರಲ್ಲಿ ಉಂಟು. ಸಹಿಗಳೆಲ್ಲ ಆಗಿವೆ.

ಭಾನುವಾರ ಕಾರ್ಕಳದಲ್ಲಿ ಸಮಾರಂಭ ಚೆನ್ನಾಗಿ ಆಯಿತು. ತಮ್ಮನ ದೊಡ್ಡ ಫೋಟೋ, ಬಾಗಿಲ ಮೇಲೆ ಅವನ ಹೆಸರು. ಪ್ರಾಂಶುಪಾಲರು ನನ್ನನ್ನು ವೇದಿಕೆಗೆ ಕರೆದು, ಸಂಶೋಧನೆಯ ಕಾಲದಲ್ಲಿ ತಮ್ಮನಿಗೆ ಊಟ ತಿಂಡಿ ನೋಡಿಕೊಂಡ ಅಕ್ಕ ಎಂದು ಪರಿಚಯಿಸಿದರು. ಎರಡು ಮಾತು ಹೇಳಿ ಎಂದರು. ಹೇಳಬೇಕು ಎಂದು ಎದ್ದೆ. ಎದುರಿನ ಸಾಲಿನಲ್ಲಿ ಕುಶಲಾ ಕುಳಿತಿದ್ದಳು, ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ನಮಸ್ಕಾರ ಎಂದು ಹೇಳಿ ಕುಳಿತುಬಿಟ್ಟೆ.

ಆಮೇಲೆ ಅವಳ ಮನೆಗೆ ಹೋದೆ. ಫಾರಂ ತೆಗೆದು ಮೇಜಿನ ಮೇಲಿಟ್ಟು ಕನ್ನಡದಲ್ಲಿ ಅರ್ಥ ಹೇಳಿದೆ. ಕಿರುಚಾಡುತ್ತಾಳೆ, ಸತ್ತವರ ಪಾಲಿಗೂ ಕೈ ಹಾಕಿದಿರಾ ಎನ್ನುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಕಾಗದವನ್ನು ತನ್ನ ಹತ್ತಿರ ಎಳೆದುಕೊಂಡಳು.

"ನನಗೆ ಗೊತ್ತುಂಟು ಅಕ್ಕ" ಎಂದಳು.

ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಹಿಂದಿನ ದಿನ ತಮ್ಮನಿಗೆ ಸ್ವಲ್ಪ ಎಚ್ಚರವಿತ್ತಂತೆ. ಆಗಿನ ಕೊರೊನಾ ವಾರ್ಡಿಗೆ ನನ್ನನ್ನು ಬಿಟ್ಟಿರಲಿಲ್ಲ, ಇವಳೊಬ್ಬಳೇ ಇದ್ದದ್ದು. ಅಕ್ಕನಿಗೆ ಹೇಳು ಎಂದು ಅವನು ಇವಳ ಕೈ ಹಿಡಿದು ಏನೋ ಹೇಳಿದನಂತೆ. ಆ ಲೇಖನದ ವಿಷಯ, ನನ್ನ ಹೆಸರಿನ ವಿಷಯ. ಇವಳು ನನಗೆ ಹೇಳಲಿಲ್ಲ. ಹನ್ನೆರಡನೆಯ ದಿನದ ಊಟಕ್ಕೆ ಪಕ್ಕದಲ್ಲೇ ಕುಳಿತಿದ್ದಳು, ಆಗಲೂ ಹೇಳಲಿಲ್ಲ. ಮೂರು ವರ್ಷ ಹೇಳಲಿಲ್ಲ.

"ಅವರದ್ದು ಅಂತ ಇದ್ದದ್ದು ಅದೊಂದೇ. ಅದನ್ನೂ ನಿಮಗೆ ಕೊಟ್ಟರೆ ನನಗೆ ಎಂತ ಉಳಿಯುವುದು ಅಂತ ಕಂಡಿತು" ಎಂದಳು.

ಬಯ್ಯಬೇಕಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಆದರೆ ಬಯ್ಯಲು ಪುರಸೊತ್ತು ಇರಲಿಲ್ಲ. ಅವನು ಹೇಳಿದ್ದು ಎಂತ, ಅದನ್ನು ಹೇಳು ಎಂದು ಕೇಳಿದೆ. ಅವಳು ಯೋಚಿಸಿದಳು. ಬಾವಿ ಅಂದರು, ಹೆಸರು ಅಂದರು ಎಂದಳು. ಮತ್ತೆ, ಅಕ್ಕ ಹೇಳಿದ್ದೇ ಸರಿ ಅಂದ ಹಾಗೆ ನೆನಪು ಎಂದಳು. ಅಲ್ಲ, ತಪ್ಪಾಯಿತು ಅಂದಿರಬೇಕು ಎಂದಳು. ಆಕ್ಸಿಜನ್ ಮಾಸ್ಕಿನೊಳಗಿನ ಮಾತು, ಆಗಲೇ ಅರ್ಧ ಕೇಳಿರಲಿಲ್ಲ, ಈಗ ಮೂರು ವರ್ಷವಾಯಿತು. ಅವಳು ನನ್ನ ಮುಖ ನೋಡಿ ನೋಡಿ, ನನಗೆ ಯಾವುದು ಬೇಕೋ ಅದನ್ನು ಹುಡುಕುತ್ತಿದ್ದಳು. ಕ್ಷಮಿಸು ಅಂದಿರಬೇಕು ಅಕ್ಕ, ಖಂಡಿತ ಅಂದಿರಬೇಕು ಎಂದಳು.

"ಅಂದಿರಬೇಕು ಅನ್ನುವುದು ಬೇಡ ಕುಶಲಾ. ಅಂದದ್ದು ಎಂತ, ಅಷ್ಟು ಹೇಳು" ಎಂದೆ.

ಅವಳಿಗೆ ನೆನಪಿಗೆ ಬರಲಿಲ್ಲ. ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿದಳು. ಐದು ಗಂಟೆಯ ಬಸ್ಸು ಹಿಡಿದೆ, ಕಾಪು ಬರುವವರೆಗೂ ಅತ್ತೆ. ಕಂಡಕ್ಟರ್ ಟಿಕೆಟಿನ ದುಡ್ಡು ಕೇಳಲೂ ಇಲ್ಲ.

ನಿನ್ನ ಅಕ್ಕ,
ಜಯಮಾಲಾ